ಯಾರೂ ಕೇಳದ ಊರಿಗೆ ಹೊರಟ ತಂಗಿ

ಚಿಕ್ಕಪ್ಪನ ಮಗಳು ಎಂಜಿನಿಯರಿಂಗ್ ಮುಗಿಸಿ, ಎಂ.ಎಸ್. ಓದಲು ಜರ್ಮನಿಗೆ ಹೊರಟಿದ್ದಾಳೆ. ನಾನು ಅದೇ ದೇಶದಲ್ಲಿ ಕೆಲವು ವರ್ಷಗಳಿಂದ ಕೆಲಸದಲ್ಲಿದ್ದೇನೆ. ಈ ಸಲ ರಜೆಗೆ ಮಂಡ್ಯಕ್ಕೆ ಬಂದಾಗ ಚಿಕ್ಕಮ್ಮ ಕೈಗೊಂದು ಚೀಟಿ ಕೊಟ್ಟರು. "ಮೈಸೂರಿಗೆ ಹೋಗಿ ಇವನ್ನೆಲ್ಲ ತಂದ್ಬಿಡಿ ಕಣವ್ವ. ಏನ್ ಬೇಕು, ಏನ್ ಬ್ಯಾಡ ಅಂತ ನಿಂಗೇ ಗೊತ್ತಲ್ವಾ." ಮದುವೆಯಾಗಲಿ, ದೂರದ ಪ್ರಯಾಣವಾಗಲಿ, ಮೊದಲಿಂದಲೂ ನಮ್ಮ ಮನೆಯವರು ಸಾಮಾನು ತರುವುದು ಮೈಸೂರಿನಿಂದಲೇ. ಬೆಳಗ್ಗೆ ಇಬ್ಬರೂ ರೈಲು ಹತ್ತಿದೆವು.

ಶ್ರೀರಂಗಪಟ್ಟಣ ದಾಟುವಾಗ ಅವಳು ಕೇಳಿದಳು. "ಅಕ್ಕ, ನಿಜ ಹೇಳು. ಅಲ್ಲಿ ಹೆಂಗಿರ್ತದೆ?"

ಊರಿಗೆ ಬಂದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ತುಂಬಾ ಚಳಿ, ಸಂಬಳ ಪರವಾಗಿಲ್ಲ ಅಂದರೆ ಕೇಳಿದವರಿಗೆ ಸಾಕಾಗುತ್ತದೆ. ಇವಳಿಗೆ ಹಾಗೆ ಹೇಳಲು ಮನಸ್ಸಾಗಲಿಲ್ಲ. ವೀಸಾಗೆ ಅಂತ ಚಿಕ್ಕಪ್ಪ ಸಾಲ ಮಾಡಿ 11,904 ಯೂರೋ ಒಂದು ಖಾತೆಗೆ ಕಟ್ಟಿದ್ದಾರೆ. ನಮ್ಮ ದುಡ್ಡಲ್ಲಿ 11 ಲಕ್ಷಕ್ಕೂ ಜಾಸ್ತಿ. ವಿದ್ಯಾರ್ಥಿಗಳ ಒಂದು ವರ್ಷದ ಖರ್ಚಿಗೆ ಇಷ್ಟಿರಬೇಕು ಅಂತ ಅಲ್ಲಿಯ ಸರ್ಕಾರದ ನಿಯಮ. ಅದರಲ್ಲಿ ತಿಂಗಳಿಗೆ 992 ಯೂರೋ ಮಾತ್ರ ಅವಳ ಕೈಗೆ ಬರುತ್ತದೆ. ಇಷ್ಟೆಲ್ಲ ಹೊತ್ತುಕೊಂಡು ಹೊರಟವಳಿಗೆ ನಿಜ ಹೇಳದಿದ್ದರೆ ಹೇಗೆ?

ಆದರೆ ಮೊದಲು ಚೀಟಿಯ ಕೆಲಸ. ದೇವರಾಜ ಮಾರುಕಟ್ಟೆಯಲ್ಲಿ ಒಂದೊಂದೇ ಹೆಸರು ಹೊಡೆದು ಹಾಕುತ್ತಾ ಹೋದೆ. ತುಪ್ಪ ಬೇಡ, ಹಾಲಿನಿಂದ ಮಾಡಿದ್ದನ್ನು ಇಲ್ಲಿಂದ ಅಲ್ಲಿಗೆ ಒಯ್ಯುವ ಹಾಗಿಲ್ಲ. ಹಸಿ ಕರಿಬೇವೂ ಬೇಡ, ಗಿಡದ ಸೊಪ್ಪಿಗೆ ರೋಗವಿಲ್ಲ ಅನ್ನುವ ಸರ್ಟಿಫಿಕೇಟ್ ಕೇಳುತ್ತಾರೆ. ಒಣಗಿಸಿ ಪುಡಿ ಮಾಡಿಕೊಳ್ಳೋಣ ಅಂದೆ. ಒಣ ಕೊಬ್ಬರಿಯನ್ನು ವಿಮಾನದಲ್ಲೇ ಬಿಡುವುದಿಲ್ಲ. ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತುವ ಭಯ. ಬಾಳೆಹಣ್ಣಿಗೆ ಮಾತ್ರ ಅಲ್ಲಿ ಯಾವ ಸರ್ಟಿಫಿಕೇಟೂ ಬೇಕಿಲ್ಲ ಅಂದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ. ರಾಗಿ ಹಿಟ್ಟು, ಹುರುಳಿಕಾಳು, ಸಾರಿನ ಪುಡಿ, ಮುದ್ದೆ ಕೋಲು, ಒಂದು ಚಿಕ್ಕ ಕುಕ್ಕರ್. ರಾಗಿ ಅಲ್ಲಿಯ ತಮಿಳರ ಅಂಗಡಿಗಳಲ್ಲೂ ಸಿಗುತ್ತದೆ. ಆದರೂ ಮೊದಲ ವಾರ ಅಂಗಡಿ ಹುಡುಕುವ ತ್ರಾಣ ಇರುವುದಿಲ್ಲ. ಮನೆಯ ಹಿಟ್ಟು ಕೈಯಲ್ಲೇ ಇರಬೇಕು.

ಆಮೇಲೆ ಚಿಕ್ಕ ಗಡಿಯಾರದ ಹತ್ತಿರ ಚೀಲ ಇಟ್ಟುಕೊಂಡು ಕೂತೆವು. ಆಗ ಶುರುವಾಯಿತು ನಮ್ಮ ಮಾತು.

ಅಲ್ಲಿ ನನಗೆ ತುಂಬಾ ಇಷ್ಟವಾದದ್ದು ಅಂದರೆ, ಯಾರೂ ಏನೂ ಕೇಳುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಟ್ರಾಮ್ ಇಳಿದು ಒಬ್ಬಳೇ ಮನೆಗೆ ನಡೆಯುತ್ತೇನೆ. ಯಾಕೆ ಲೇಟು, ಯಾರ ಜೊತೆ ಹೋಗಿದ್ದೆ, ಯಾಕೆ ಇನ್ನೂ ಮದುವೆ ಇಲ್ಲ, ಒಂದೂ ಇಲ್ಲ. ಬೇಸಿಗೆಯಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕು. ಕೆಲಸ ಮುಗಿಸಿ ಕೆರೆಯಲ್ಲಿ ಈಜಿ ಬರಬಹುದು. ಈಜುಡುಗೆಯಲ್ಲಿ ದಡದ ಮೇಲೆ ಕೂತರೆ ತಿರುಗಿ ನೋಡುವವರಿಲ್ಲ. ತಿಂಗಳ ಒಂದು ಪಾಸ್ ಇದೆ, 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಗಿದ್ದು. ಈಗ ಬೆಲೆ ಏರಿದೆ. ಆದರೂ ಅತಿ ವೇಗದ ರೈಲುಗಳನ್ನು ಬಿಟ್ಟು ದೇಶದ ಯಾವ ಊರಿನ ಬಸ್ಸು, ಟ್ರಾಮ್, ಲೋಕಲ್ ರೈಲನ್ನಾದರೂ ಹತ್ತಬಹುದು. ಸುಮ್ನೆ ಒಂದು ಶನಿವಾರ ಬೆಳಗ್ಗೆ ಎದ್ದು, ಹೆಸರು ಇಷ್ಟವಾದ ಯಾವುದೋ ಊರಿಗೆ ಹೋಗಿ ಬಂದಿದ್ದೇನೆ. ಮಂಡ್ಯದಲ್ಲಿ ಬೆಳೆದ ಹೆಣ್ಣಿಗೆ ಇದು ಸಣ್ಣ ಸುಖವಲ್ಲ.

"ಮತ್ತೆ ಕಷ್ಟ?" ಅಂದಳು.

ಕಷ್ಟವೂ ಅದೇ. ಯಾರೂ ಏನೂ ಕೇಳುವುದಿಲ್ಲ.

ಸಣ್ಣ ಪುಟ್ಟ ಕಿರಿಕಿರಿಗಳನ್ನು ಬೇಗ ಹೇಳಿ ಮುಗಿಸಿದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ತರಕಾರಿ ತಂದಿಟ್ಟುಕೊಳ್ಳಬೇಕು. ಅವತ್ತು ಗೋಡೆಗೆ ಮೊಳೆ ಹೊಡೆಯುವ ಹಾಗೂ ಇಲ್ಲ. ಮನೆಯಲ್ಲಿ ಟಿವಿ, ರೇಡಿಯೋ ಇಲ್ಲದಿದ್ದರೂ ಅದರ ಬಾಬ್ತು ತಿಂಗಳಿಗೆ 18.36 ಯೂರೋ ಕಟ್ಟಬೇಕು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಚಳಿಗಾಲದಲ್ಲಿ ನಮಗೂ ಅವರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ನಾನು ಐದೂವರೆಗೆ ಕೆಲಸ ಮುಗಿಸಿ ಫೋನ್ ತೆಗೆಯುವಾಗ ಇಲ್ಲಿ ರಾತ್ರಿ ಹತ್ತು, ಅಮ್ಮ ಮಲಗಿರುತ್ತಾರೆ. ಇದೊಂದನ್ನು ಮಾತ್ರ ಸಣ್ಣದು ಅನ್ನಲಾರೆ.

ಮತ್ತೆ ಕಾಗದ ಪತ್ರ. ಮುಖ್ಯವಾದ ಎಷ್ಟೋ ವಿಷಯ ಇವತ್ತಿಗೂ ಅಂಚೆಯಲ್ಲೇ ಬರುತ್ತದೆ. ಅಜ್ಜಿ ತೀರಿಕೊಂಡ ಸಮಯದಲ್ಲಿ ನನ್ನ ವಾಸದ ಪರವಾನಗಿಯ ಅವಧಿ ಮುಗಿದಿತ್ತು. ಹೊಸದಕ್ಕೆ ಮೊದಲೇ ಅರ್ಜಿ ಹಾಕಿದ್ದೆ. ಕಚೇರಿಯಿಂದ ಉತ್ತರ ಬಂದಿರಲಿಲ್ಲ. ಫೋನ್ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ. ಬಾಗಿಲಿಗೇ ಹೋದೆ. ಅಪಾಯಿಂಟ್‌ಮೆಂಟ್ ಇಲ್ಲದೆ ಒಳಗೆ ಬಿಡಲ್ಲ ಅಂದರು. ಕಾಗದ ಇಲ್ಲದೆ ದೇಶ ಬಿಟ್ಟರೆ ತಿರುಗಿ ಒಳಗೆ ಬರುವುದು ಕಷ್ಟ. ಹನ್ನೊಂದನೇ ದಿನದ ತಿಥಿಗೂ ಬರಲಾಗಲಿಲ್ಲ. ಅವತ್ತು ಎಡೆ ಇಡುವುದನ್ನು ವಿಡಿಯೋ ಕಾಲ್‌ನಲ್ಲಿ ತೋರಿಸಿದವಳು ಇದೇ ತಂಗಿ. ಅವಳಿಗೆ ಗೊತ್ತಿದ್ದದ್ದು ನನಗೆ ರಜೆ ಸಿಗಲಿಲ್ಲ ಅಂತ. ಆ ಬಾಗಿಲ ಕಥೆಯನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ, "ಅವತ್ತು ಯಾರಿದ್ರು ನಿನ್ ಜೊತೆ?" ಅಂದಳು.

ಯಾರೂ ಇರಲಿಲ್ಲ. ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ. ನಮ್ಮ ಬೀದಿಯಲ್ಲಾಗಿದ್ದರೆ ಸುದ್ದಿ ತಿಳಿದ ಅರ್ಧ ಗಂಟೆಯಲ್ಲಿ ಮನೆ ತುಂಬುತ್ತಿತ್ತು. ಯಾರೋ ಕಾಫಿ ಮಾಡುತ್ತಿದ್ದರು, ಯಾರೋ ಸುಮ್ಮನೆ ಕೂತಿರುತ್ತಿದ್ದರು. ಅಲ್ಲಿ ಯಾರೂ ಬಾಗಿಲು ತಟ್ಟಲಿಲ್ಲ. ಎಂಥ ಜನ ಇವರು ಅಂತ ನನಗೆ ಆಗ ಬಹಳ ಸಿಟ್ಟು ಬಂದಿತ್ತು.

ಅದೇ ಚಳಿಗಾಲದಲ್ಲಿ ನನಗೆ ಜ್ವರ ಬಂತು. ಎದ್ದು ಗಂಜಿ ಮಾಡಿಕೊಳ್ಳಲೂ ಆಗುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಇದ್ದಾರೆ. ಮೆಟ್ಟಿಲ ಮೇಲೆ ಸಿಕ್ಕಾಗ ನಮಸ್ಕಾರ ಹೇಳುವುದು ಬಿಟ್ಟು ಬೇರೆ ಮಾತೇ ಇರಲಿಲ್ಲ. ಬೇರೆ ದಾರಿ ಕಾಣದೆ ಅವರ ಬೆಲ್ ಒತ್ತಿದೆ. ಔಷಧಿ ತಂದುಕೊಡುತ್ತೀರಾ ಅಂದೆ. ಔಷಧಿ ತಂದರು. ಸಂಜೆ ಸೂಪ್ ತಂದರು. ವಾಸಿಯಾಗುವವರೆಗೂ ದಿನಾ ಎರಡು ಸಲ ಬಂದರು. ಅಜ್ಜಿಯ ವಿಷಯ ಆಗ ಹೇಳಿದೆ. ಅವರ ಕಣ್ಣಲ್ಲಿ ನೀರು ಬಂತು. "ಯಾಕೆ ಹೇಳಲಿಲ್ಲ? ಗೋಡೆಯ ಈಚೆಗೇ ಇದ್ದೆನಲ್ಲ" ಅಂದರು. ಕರೆಯದೆ ಒಬ್ಬರ ದುಃಖದೊಳಗೆ ಹೋಗುವುದು ಅವರ ಪ್ರಕಾರ ಅತಿಯಾಗುತ್ತದೆ. ಕರೆದರೆ ಮಾತ್ರ ಪೂರ್ತಿ ಬರುತ್ತಾರೆ. ಎಲ್ಲರೂ ಹೀಗೆ ಅನ್ನಲಾರೆ, ನಾನು ಕಂಡವರಲ್ಲಿ ಬಹಳಷ್ಟು ಜನ ಹೀಗೇ. ಹೋಗುವ ಮೊದಲೇ ಯಾರಾದರೂ ನನಗೆ ಇದೊಂದನ್ನು ಹೇಳಿದ್ದರೆ ಎಷ್ಟೋ ರಾತ್ರಿ ಸಲೀಸಾಗಿರುತ್ತಿತ್ತು. ಹಾಗಾಗಿ ಅವಳಿಗೆ ಎರಡೆರಡು ಸಲ ಹೇಳಿದೆ.

"ಹಂಗಾದ್ರೆ ಹೋದ ತಕ್ಷಣ ನಾನೇನ್ ಮಾಡ್ಬೇಕು?"

ಮನೆಗೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸು. ಅಂಚೆ ಪೆಟ್ಟಿಗೆಯ ಮೇಲೆ, ಬೆಲ್ ಮೇಲೆ ನಿನ್ನ ಹೆಸರು ಅಂಟಿಸು. ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತದೆ. ಪರವಾನಗಿ ಮುಗಿಯಲು ತಿಂಗಳುಗಳಿರುವಾಗಲೇ ಅರ್ಜಿ ಹಾಕು. ಅಕ್ಕಪಕ್ಕದ ಬಾಗಿಲು ತಟ್ಟಿ ಹೆಸರು ಹೇಳು, ಯಾವ ಊರಿಂದ ಬಂದಿದ್ದೀಯಾ ಅಂತ ಹೇಳು. ಕೈಯಲ್ಲಿ ಏನಾದರೂ ಇರಲಿ.

ಮಂಡ್ಯಕ್ಕೆ ವಾಪಸ್ ಬಂದ ಮೇಲೆ ಸೂಟ್‌ಕೇಸ್ ತೂಗಿ ನೋಡಿದೆವು. 23 ಕೆ.ಜಿ. ಮಿತಿ ದಾಟಿತ್ತು. ಚಿಕ್ಕಮ್ಮ ಕೋಡುಬಳೆ ಡಬ್ಬ ತೆಗೆಯಲು ಹೋದರು. ತಂಗಿ ಬಿಡಲಿಲ್ಲ, ಎರಡು ಜೊತೆ ಜೀನ್ಸ್ ತೆಗೆದಿಟ್ಟಳು. "ಅಕ್ಕಪಕ್ಕದ ಮನೆಯವ್ರಿಗೆ ಬೇಕು ಕಣಮ್ಮ" ಅಂದಳು.

ಅವಳಿಗೆ ಇನ್ನೂ ರೂಮ್ ಗಟ್ಟಿಯಾಗಿಲ್ಲ. ಅವಳ ಊರಿಗೂ ನನ್ನ ಊರಿಗೂ ರೈಲಿನಲ್ಲಿ ಮೂರು ಗಂಟೆ ದಾರಿ. ಅವಳು ಬಂದಿಳಿಯುವ ವಾರ ನಾನು ರಜೆ ಹಾಕಿದ್ದೇನೆ. ನೋಂದಣಿ ಕಚೇರಿಗೆ ಜೊತೆಯಲ್ಲೇ ಹೋಗುತ್ತೇವೆ.