ಮುಹೂರ್ತದ ಅರ್ಕಾವೊತ್ತು

ಲಗ್ನಪತ್ರಿಕೆ ಮಾಡಿಸುವವರು ನಮ್ಮ ಗದಗಿಗೆ ಮುಂಜಾನೆಯೇ ಬರುತ್ತಾರೆ. ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು, ಮ್ಯಾಟರ್ ಕೊಟ್ಟು, ಪೇಟೆ ಕೆಲಸ ಮುಗಿಸಿ, ಪ್ರೂಫ್ ನೋಡಿ ಊರಿಗೆ ಹೋಗಬೇಕು. ತುಳಸಿ ಲಗ್ನ ಮುಗಿದ ಮೇಲಂತೂ ಬಿಡುವೇ ಇರುವುದಿಲ್ಲ. ಆ ಸೋಮವಾರ ನಾನು ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಕುರ್ತಕೋಟಿಯ ಕಾಕಾ ಒಬ್ಬರು ಕಟ್ಟೆ ಮೇಲೆ ಕುಳಿತಿದ್ದರು.

"ಅಕ್ಕಾರ, ದೊಡ್ಡಾಕಿ ಲಗ್ನಕ್ಕ ನೀವ ಮಾಡಿಕೊಟ್ಟಿದ್ರಿ. ಸಣ್ಣಾಕಿಗೂ ಅದ ಥರಾ ಮಾಡ್ರಿ. ಹೆಸರು, ತಾರೀಕು ಅಷ್ಟ ಬದಲಿ," ಅಂದರು.

ನಮ್ಮ ದಂಧೆಯಲ್ಲಿ ಇದಕ್ಕಿಂತ ಸುಲಭದ ಕೆಲಸವಿಲ್ಲ. ಹಳೆಯ ಫೈಲ್ ತೆಗೆದು ನಾಲ್ಕು ಸಾಲು ತಿದ್ದಿದರೆ ಆಯಿತು. "ಕುಂದರ್ರಿ ಕಾಕಾ, ನೀವು ಚಾ ಕುಡಿಯೋದ್ರಾಗ ಪ್ರೂಫ್ ಕೊಡ್ತೀನಿ" ಅಂದೆ.

2019ರ ಫೋಲ್ಡರ್‌ನಲ್ಲಿ ಅವರ ಫೈಲ್ ಸಿಕ್ಕಿತು. ತೆರೆದೆ. ಶ್ರೀ ಇರಬೇಕಾದ ಕಡೆ ಶ್ರೀ ಇಲ್ಲ. ಪೌಂಡ್ ಚಿಹ್ನೆ, ತಲೆ ಮೇಲೆ ಎರಡು ಚುಕ್ಕೆ ಹೊತ್ತ ಎ, ಓರೆ ಗೀಟು ಎಳೆದ ಎ, ನಡುನಡುವೆ ಯು, ಜೆಡ್. ಇಡೀ ಪುಟ ಹಾಗೆಯೇ. ಕಾಕಾ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಇದೇನ್ರಿ ಅಕ್ಕಾರ, ಇಂಗ್ಲಿಷ್ ಆಗೇತಲ್ರಿ? ನನ್ನ ಮಗಳ ಹೆಸರು ಎಲ್ಲಿ ಹೋತು?"

ನನ್ನ ಕೈಕಾಲು ತಣ್ಣಗಾದವು. ಇನ್ನೊಂದು ಫೈಲ್ ತೆರೆದೆ. ಅದೂ ಹಾಗೇ. ಇನ್ನೊಂದು, ಮತ್ತೊಂದು. ಹದಿನೆಂಟು ವರ್ಷ ಹೊಡೆದ ಅಕ್ಷರಗಳಲ್ಲಿ ಒಂದೂ ಕನ್ನಡವಾಗಿ ಉಳಿದಿಲ್ಲವೇನೋ ಅನ್ನಿಸಿತು.

ಹಿಂದಿನ ದಿನ, ಭಾನುವಾರ, ನನ್ನ ಕಂಪ್ಯೂಟರ್‌ಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಿದ್ದೆ. ವಿಂಡೋಸ್ 10ಕ್ಕೆ ಉಚಿತ ಸುರಕ್ಷತಾ ಅಪ್ಡೇಟ್ ಕೊಡುವುದು 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಅನ್ನುವ ಸುರಕ್ಷತೆಯ ಚಿಪ್ ಇರಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆದ ಪ್ರೊಸೆಸರ್ ಇರಬೇಕು. ನನ್ನದು ನಾಲ್ಕನೇ ತಲೆಮಾರಿನ ಐ3. ಒಂದು ದಿನವೂ ಕೈ ಕೊಟ್ಟ ಯಂತ್ರವಲ್ಲ ಅದು. ಸುಮ್ನೆ ಎಸೆದು ಹೊಸದು ತರುವಷ್ಟು ದುಡ್ಡು ಈ ಅಂಗಡಿಯಲ್ಲಿ ಹುಟ್ಟುವುದಿಲ್ಲ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಅಣ್ಣನ ಮಗ, "ಅತ್ತಿ, ಲಿನಕ್ಸ್ ಮಿಂಟ್ ಹಾಕ್ತೀನಿ, ಒಂದು ರೂಪಾಯಿ ಖರ್ಚಿಲ್ಲ" ಅಂದ. 256 ಜಿಬಿಯ ಎಸ್ಎಸ್‌ಡಿ ಅನ್ನುವ ಹೊಸ ಡಿಸ್ಕ್ ಒಂದು ತಂದು ಅದರಲ್ಲಿ ಹಾಕಿದ. ಹಳೆಯ ಹಾರ್ಡ್ ಡಿಸ್ಕ್ ಬಿಚ್ಚಿ ಟೇಬಲ್ ಖಾನೆಯಲ್ಲಿಟ್ಟ. ಫೈಲ್‌ಗಳನ್ನೆಲ್ಲ ಕಾಪಿ ಮಾಡಿದ. ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ಶುರುವಾಗಿದ್ದು ನೋಡಿ ಇಬ್ಬರೂ ಖುಷಿಪಟ್ಟಿದ್ದೆವು. ಒಂದೇ ಒಂದು ಕನ್ನಡ ಫೈಲ್ ತೆರೆದು ನೋಡಬೇಕು ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಫೋನ್ ಮಾಡಿದೆ. ಕ್ಲಾಸಿನಲ್ಲಿದ್ದ, ಹೊರಗೆ ಬಂದು ಮಾತಾಡಿದ.

"ಅಂಜಬ್ಯಾಡ ಅತ್ತಿ. ಫೈಲ್ ಹಾಳಾಗಿಲ್ಲ. ನೀ ಕನ್ನಡ ಹೊಡಿಯೋ ನುಡಿ ಸಾಫ್ಟ್‌ವೇರಿನ ಫಾಂಟ್ ಇದರಾಗ ಇಲ್ಲ ಅಷ್ಟ."

ಹಳೆಯ ಡಿಸ್ಕ್ ಅನ್ನು ಯುಎಸ್‌ಬಿ ವೈರ್‌ನಿಂದ ಹಚ್ಚಿಸಿ, ಫಾಂಟ್‌ಗಳನ್ನು ಹೊಸದಕ್ಕೆ ಹಾಕುವುದು ಹೇಗೆ ಅಂತ ಹೇಳಿದ. ಹಾಕಿದೆ. ಫೈಲ್ ಮತ್ತೆ ತೆರೆದಾಗ ಶ್ರೀ ಬಂತು, ಮಗಳ ಹೆಸರು ಬಂತು. ಕಾಕಾ ಸಮಾಧಾನದ ಉಸಿರು ಬಿಟ್ಟು ಬಟ್ಟೆ ಖರೀದಿಗೆ ಹೋದರು. ನಾನು ಮಾತ್ರ ಕುಳಿತಲ್ಲೇ ಕುಳಿತೆ. ಫಾಂಟ್ ತೆಗೆದರೆ ಕನ್ನಡ ಹೋಗುತ್ತದೆ, ಹಾಕಿದರೆ ಬರುತ್ತದೆ. ಹಾಗಾದರೆ ಫೈಲ್ ಒಳಗೆ ಇರುವುದು ಏನು?

ಅಣ್ಣನ ಮಗ ಮಧ್ಯಾಹ್ನ ಬಿಡಿಸಿ ಹೇಳಿದ. ಕಂಪ್ಯೂಟರ್‌ನಲ್ಲಿ ಅಚ್ಚಿನ ಪುಟ ಜೋಡಿಸುವ ನಾವು ಡಿಟಿಪಿಯವರು ಬಳಸುತ್ತ ಬಂದ ಹಳೆಯ ಫಾಂಟ್‌ಗಳಲ್ಲಿ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದಾರೆ. ಪೌಂಡ್ ಚಿಹ್ನೆಯ ಜಾಗದಲ್ಲಿ ನ ಅಕ್ಷರದ ಮೈ ಇದೆ. ಗೀಟು ಎಳೆದ ಎ ಜಾಗದಲ್ಲಿ ತಲೆಕಟ್ಟು. ಮ ಬೇಕೆಂದರೆ ವ ಅಕ್ಷರಕ್ಕೆ ಕೊಂಬು ಹಚ್ಚಿದಂತೆ ಮೂರು ತುಂಡು ಸೇರುತ್ತವೆ. ಕಂಪ್ಯೂಟರ್‌ಗೆ ಅದು ಕನ್ನಡ ಅಂತಲೇ ಗೊತ್ತಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಪಟ್ಟಿ ಮಾಡಿದ ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡ ಅದರಲ್ಲಿತ್ತಂತೆ. ನಾನು ಟೈಪಿಂಗ್ ಕಲಿಯುವುದಕ್ಕೂ ಎಷ್ಟೋ ಮೊದಲು! ಇದನ್ನು ಕೇಳಿ ನನಗೆ ನಿಜವಾಗಿ ಸಂಕಟವಾಯಿತು. ಕಲಿಸಿದವರು ಹೇಳಲಿಲ್ಲ, ಕೆಲಸ ಕೊಟ್ಟವರು ಕೇಳಲಿಲ್ಲ.

ನಮ್ಮಪ್ಪ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದವರು. ಮುದ್ರಣ ಕಾಶಿ ಅಂತ ಹೆಸರಾದ ಈ ಊರಿನ ಪ್ರೆಸ್ಸಿನಲ್ಲೇ ಅವರ ಆಯುಷ್ಯ ಕಳೆಯಿತು. ಅವರೂ ತುಂಡುಗಳನ್ನೇ ಕೂಡಿಸುತ್ತಿದ್ದರು. ಅಕ್ಷರ ಇಟ್ಟು, ಆಮೇಲೆ ಅದರ ಪಕ್ಕ ಅರ್ಕಾವೊತ್ತಿನ ಮೊಳೆ ಇಡುತ್ತಿದ್ದರು. ನಾನು ಕಂಪ್ಯೂಟರ್ ಮುಂದೆ ಕುಳಿತು ಮಾಡಿದ್ದೂ ಅದೇ ಕೆಲಸ ಅಂತ ಆ ಮಧ್ಯಾಹ್ನ ತಿಳಿಯಿತು. ಸೀಸ ಹೋಗಿ ಪರದೆ ಬಂದಿತ್ತು, ಅಷ್ಟೇ.

ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಇದೆ. ಅದಕ್ಕೆ ಕಾಕಾನ ಮ್ಯಾಟರ್ ಹಾಕಿದೆ. ಚೆನ್ನಾಗಿಯೇ ಬಂತು. 'ಧರ್ಮಪತ್ನಿ' ಸರಿಯಾಗಿತ್ತು. ಹಳೆಯ ಫಾಂಟ್‌ನಲ್ಲಿ ಅರ್ಕಾವೊತ್ತು ಮ ಆದಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ನಾವು ಬಾಯಲ್ಲಿ ಅನ್ನುವ ಹಾಗೆ ರ ಮೊದಲು. ಪರಿವರ್ತಕ ಅದನ್ನು ಹಿಂದುಮುಂದು ಮಾಡಿ ಸರಿಯಾಗಿ ಕೂರಿಸಿತ್ತು. ಮುಂದಿನ ಸಾಲು ಓದಿದೆ. 'ಮುಹೂತ9'.

ಲಗ್ನಪತ್ರಿಕೆಯಲ್ಲಿ ಬೇರೆ ಏನು ತಪ್ಪಿದರೂ ನಡೆಯಬಹುದು, ಮುಹೂರ್ತ ತಪ್ಪಬಾರದು. ಪರಿವರ್ತಕದ ತಪ್ಪು ಅಂತ ಅದಕ್ಕೇ ಬೈದುಕೊಂಡೆ. ಆಮೇಲೆ ಹಳೆಯ ಫೈಲ್ ನೋಡಿದರೆ ತಪ್ಪು ಅಲ್ಲೇ ಇತ್ತು. ಕನ್ನಡ ಅಂಕಿಯ ಫಾಂಟ್‌ನಲ್ಲಿ 9 ಒತ್ತಿದರೆ ೯ ಮೂಡುತ್ತದೆ, ಅದು ನೋಡುವುದಕ್ಕೆ ಅರ್ಕಾವೊತ್ತಿನಂತೆಯೇ. ಆರು ವರ್ಷದ ಹಿಂದೆ, ಗಡಿಬಿಡಿಯಲ್ಲಿ, ನಾನೇ ಹೊಡೆದದ್ದು. ಅಚ್ಚಾದ ಕಾಗದದ ಮೇಲೆ ಯಾರಿಗೂ ಗೊತ್ತಾಗಲಿಲ್ಲ. ದೊಡ್ಡ ಮಗಳ ಲಗ್ನ 'ಮುಹೂತ9'ದಲ್ಲೇ ಆಗಿಹೋಗಿತ್ತು. ಅಪ್ಪ ಇದ್ದಿದ್ದರೆ ಒಂದು ಮಾತೂ ಆಡದೆ ಆ ಮೊಳೆ ಎತ್ತಿ ಬೇರೆ ಇಡುತ್ತಿದ್ದರು.

ತಿದ್ದಲು ಹೋದೆ. ಬೆರಳು ಮಾತು ಕೇಳಲಿಲ್ಲ. ನುಡಿಯಲ್ಲಿ ಕ್ಕ ಬೇಕೆಂದರೆ ಕೆ, ಎಫ್, ಕೆ ಒತ್ತುತ್ತೇವೆ. ಹಾಗೆ ಒತ್ತಿದರೆ ಇಲ್ಲಿ 'ಕಿಕ' ಬರುತ್ತಿತ್ತು. ಹೊಸ ಸಿಸ್ಟಮ್‌ನಲ್ಲಿ ಇದ್ದದ್ದು ಇನ್‌ಸ್ಕ್ರಿಪ್ಟ್ ಕೀಲಿಮಣೆ, ಅದರಲ್ಲಿ ಎಫ್ ಅಂದರೆ ಗುಡಿಸು. ಹತ್ತು ಸಾಲಿಗೆ ಮುಕ್ಕಾಲು ಗಂಟೆ ಹೋಯಿತು. ಹೆಸರುಗಳು ಕಣ್ಣೆದುರೇ ಕೆಡುತ್ತಿದ್ದವು. ಇಷ್ಟು ವರ್ಷದ ಕಸುಬು ಒಂದು ರಾತ್ರಿಯಲ್ಲಿ ಕೈ ಬಿಟ್ಟುಹೋದರೆ ಹೇಗಿರುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು. ಕಣ್ಣಲ್ಲಿ ನೀರು ಬಂತು. "ಹಳೆ ಡಿಸ್ಕ್ ಹಾಕಿಬಿಡಪ್ಪಾ, ನನಗ ಇದು ಬ್ಯಾಡ" ಅಂತ ಮತ್ತೆ ಫೋನ್ ಮಾಡಿದೆ. ಅವನು ಸಮಾಧಾನದಿಂದ, ಸೆಟ್ಟಿಂಗ್‌ನಲ್ಲಿ ಟೈಪಿಂಗ್ ಭಾಷೆ ಆರಿಸುವ ಐಬಸ್ ಹುಡುಕಿ ಕನ್ನಡದ ಕೆಜಿಪಿ ಅನ್ನುವುದನ್ನು ಸೇರಿಸಲು ಹೇಳಿದ. ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ, ನುಡಿಯಲ್ಲಿ ಇರುವುದೂ ಅದೇ. ಸೇರಿಸಿ, ಕೆ, ಎಫ್, ಕೆ ಒತ್ತಿದೆ. ಕ್ಕ.

ಪ್ರಿಂಟರ್‌ನದು ಬೇರೆಯೇ ಕಥೆ. ಅದರ ಕಂಪನಿ ಆ ಮಾದರಿಗೆ ಲಿನಕ್ಸ್‌ನಲ್ಲಿ ಅದನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಕೊಟ್ಟೇ ಇಲ್ಲ. ಪಕ್ಕದ ಅಂಗಡಿಯಲ್ಲಿ ಪ್ರೂಫ್ ತೆಗೆಸಬೇಕಾಯಿತು. ಕೋರೆಲ್‌ಡ್ರಾದಲ್ಲಿ ಮಾಡಿದ ಡಿಸೈನ್ ಅನ್ನು ಲಿನಕ್ಸ್‌ನಲ್ಲಿ ಓಡುವ ಡಿಸೈನ್ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ತೆರೆದಾಗ ಅಂಚಿನ ಬಳ್ಳಿ ಒಂದು ಕಡೆ, ಗಣಪತಿ ಒಂದು ಕಡೆ. ಇದಕ್ಕೆ ದಾರಿ ಕಾಣಲಿಲ್ಲ. ಸಂಜೆ ಅಣ್ಣನ ಮಗ ಬಂದು ಹಳೆಯ ಡಿಸ್ಕನ್ನೂ ಒಳಗೆ ಜೋಡಿಸಿ, ಶುರುವಾಗುವಾಗ ಯಾವುದು ಬೇಕೋ ಆರಿಸಿಕೊಳ್ಳುವ ಹಾಗೆ ಮಾಡಿಕೊಟ್ಟ. ಡಿಸೈನ್‌ಗೆ, ಪ್ರಿಂಟ್‌ಗೆ ಈಗಲೂ ಹಳೆಯದೇ ಬೇಕು. ಅದಕ್ಕೆ ಇಂಟರ್ನೆಟ್ ಮಾತ್ರ ಹಚ್ಚುವುದಿಲ್ಲ.

ಅಷ್ಟರಲ್ಲಿ ಕಾಕಾ ಬಸ್ಸು ಹತ್ತಿಯಾಗಿತ್ತು. ಮ್ಯಾಟರ್ ಅನ್ನು ಹಾಗೇ ವಾಟ್ಸಾಪ್‌ಗೆ ಹಾಕಿದೆ. ಮೊದಲೆಲ್ಲ ಪಿಡಿಎಫ್ ಮಾಡಿ ಇಲ್ಲವೇ ಫೋಟೋ ತೆಗೆದು ಕಳಿಸಬೇಕಿತ್ತು, ಅಕ್ಷರ ಸಣ್ಣದಾಗಿ ಅವರಿಗೆ ಕಾಣುತ್ತಿರಲಿಲ್ಲ. ಹತ್ತೇ ನಿಮಿಷಕ್ಕೆ ಫೋನ್ ಬಂತು. ಬಸ್ಸಿನ ಸದ್ದಿನಲ್ಲಿ ಕೂಗಿ ಹೇಳಿದರು.

"ಅಕ್ಕಾರ, ನಮ್ಮ ಹುಡುಗ ಅಕ್ಷರ ದೊಡ್ಡವು ಮಾಡಿಕೊಟ್ಟಾನ, ನಾನ ಓದಿದೆ. ಎಲ್ಲಾ ಬರೋಬ್ಬರಿ ಐತಿ. ಆದ್ರ ಹುಡುಗಿ ಸೋದರಮಾವನ ಹೆಸರು ಬಿಟ್ಟೀರಿ ನೋಡ್ರಿ. ಸಿಟ್ಟಾಗ್ತಾನ ಅಂವ."

ಮಾವನ ಹೆಸರು ಸೇರಿಸಿದೆ.

ಈಗ ದಿನಾ ಅಂಗಡಿ ಮುಚ್ಚುವ ಮೊದಲು ಒಂದಷ್ಟು ಹಳೆಯ ಫೈಲ್ ತೆಗೆದು ಬದಲಿಸುತ್ತಿದ್ದೇನೆ. ಬದಲಿಸಿದ ಮೇಲೆ ಮೊದಲು ಹುಡುಕುವುದು ಅಕ್ಷರದ ಬೆನ್ನಿಗೆ ಅಂಟಿದ 9. ನಿನ್ನೆ 2011ರ ಗೃಹಪ್ರವೇಶದ ಪತ್ರಿಕೆಯಲ್ಲಿ 'ಆಶೀವಾ9ದ' ಸಿಕ್ಕಿತು. ತಿದ್ದಿ ಸೇವ್ ಮಾಡಿದೆ. 2012ರ ಫೋಲ್ಡರ್ ಇವತ್ತು ರಾತ್ರಿಗೆ.