ಹಿಂದಿನ ಗೋಡೆ ಮುಟ್ಟಬೇಡಿ

ನಮ್ಮ ಓಣಿಯ ತುದಿಯ ಹೆಂಚಿನ ಮನೆಯಲ್ಲಿ ವರ್ಷಗಳಿಂದ ಯಾರೂ ಇರಲಿಲ್ಲ. ಯಜಮಾನರು ತೀರಿಕೊಂಡರು, ಮಕ್ಕಳು ಬೆಂಗಳೂರು, ದುಬೈ ಅಂತ ಹೋದರು. ಆಸ್ತಿ ಪಾಲಾಗಿರಲಿಲ್ಲ. ಹಾಕಿದ ಬೀಗ ಹಾಗೇ ಉಳಿಯಿತು.

ಮಣ್ಣಿನ ಗೋಡೆ ಸುಮ್ನೆ ಬೀಳುವುದಿಲ್ಲ. ಮಾಡು, ಅಂದರೆ ಛಾವಣಿ, ಗಟ್ಟಿಯಾಗಿದ್ದರೆ ಎರಡು ತಲೆಮಾರು ದಾಟಿಯೂ ನಿಲ್ಲುತ್ತದೆ. ಆದರೆ ಕೊಡಗಿನ ಮಳೆಯಲ್ಲಿ ಒಂದು ಹೆಂಚು ಜಾರಿದರೆ ಸಾಕು. ಮೊದಲು ಹೆಂಚು ಕೂರುವ ಮರದ ಪಟ್ಟಿ, ರೀಪು, ಕೊಳೆಯುತ್ತದೆ, ಆಮೇಲೆ ಅದನ್ನು ಹೊತ್ತ ಪಕ್ಕಾಸು. ಅದರ ಹಿಂದೆಯೇ ಇನ್ನಷ್ಟು ಹೆಂಚು ಕೆಳಗೆ ಬರುತ್ತದೆ. ನೀರು ಗೋಡೆಯ ತಲೆಯಿಂದಲೇ ಇಳಿಯುತ್ತದೆ. ಹೊರಗಿನ ಗಾರೆ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತದೆ. ಒಳಗೆ ಮಣ್ಣು ಕೆಸರಾಗಿರುತ್ತದೆ. ಅದೇ ಗೋಡೆ ಪಕ್ಕದಲ್ಲಿ ನಮ್ಮ ಮಕ್ಕಳು ಶಾಲೆಗೆ ಹೋಗುತ್ತಿದ್ದರು.

ಆಗಸ್ಟ್ 2018ರಲ್ಲಿ ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿ ನಗರದಲ್ಲಿ ಬರೆ, ಅಂದರೆ ಗುಡ್ಡದ ಕಡಿದಾದ ಬದಿ, ಕುಸಿದು ಮನೆಗಳು ಹೋದವಲ್ವಾ, ಅಲ್ಲಿಂದೀಚೆಗೆ ಜೂನ್ ಬಂದರೆ ನಮಗೆ ನಿದ್ದೆ ಸರಿಯಾಗಿ ಬರುವುದಿಲ್ಲ. ಈ ಮನೆಯೂ ಬರೆ ಕಡಿದು ಕಟ್ಟಿದ್ದೇ. ಓಣಿಯವರೆಲ್ಲ ಸಹಿ ಮಾಡಿ ಅರ್ಜಿ ಕೊಟ್ಟೆವು.

ಅಪಾಯದ ಕಟ್ಟಡವನ್ನು ರಿಪೇರಿ ಮಾಡಿ, ಇಲ್ಲವೇ ಕೆಡವಿ ಅಂತ ಮಾಲೀಕರಿಗೆ ನೋಟಿಸ್ ಕೊಡುವ ಅಧಿಕಾರ 1964ರ ಪುರಸಭೆಗಳ ಕಾಯ್ದೆಯಲ್ಲಿ ಇದೆ. ಅವರು ಮಾಡದಿದ್ದರೆ ಪುರಸಭೆ ಕಚೇರಿಯೇ ಮಾಡಿಸಿ ಖರ್ಚು ವಸೂಲಿ ಮಾಡಬಹುದು. ಆದರೆ ನೋಟಿಸ್ ಯಾರಿಗೆ ಕೊಡುವುದು? ಖಾತೆ ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇತ್ತು. ಬಾಗಿಲಿಗೆ ಅಂಟಿಸಿ ಮಹಜರು ಮಾಡಿದರು. ಮಕ್ಕಳಲ್ಲಿ ಒಬ್ಬರು ಒಪ್ಪಿದರು, ಇನ್ನೊಬ್ಬರು ಒಪ್ಪಲಿಲ್ಲ.

ನಾನೇ ಹಿರಿಯ ಮಗನಿಗೆ ಫೋನ್ ಮಾಡಿದೆ. ಅವರಿಗಿದ್ದದ್ದು ಹಟವಲ್ಲ, ಭಯ. "ಅಕ್ಕಾ, ಮನೆ ಬಿದ್ದರೆ ನಮ್ಮ ಹಕ್ಕೂ ಹೋಗುತ್ತಲ್ವಾ?" ಅಂದರು. ಗೋಡೆ ಹೋದರೂ ಜಾಗ ನಿಮ್ಮದೇ, ಖಾತೆ ಹಾಗೇ ಇರುತ್ತದೆ ಅಂತ ಕಚೇರಿಯವರಿಂದಲೇ ಹೇಳಿಸಿದೆ. ಆಮೇಲೆ ಒಪ್ಪಿಗೆ ಪತ್ರ ಬಂತು. ಈ ಮಾತನ್ನು ನೋಟಿಸಿನಲ್ಲೇ ಬರೆದಿದ್ದರೆ ಎಷ್ಟೋ ತಿಂಗಳು ಉಳಿಯುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ.

ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಕೆಡವಲು ಬಂದರು. ಮೊದಲು ಲೈನ್‌ಮನ್ ಬಂದು ಕಂಬದಿಂದಲೇ ವೈರ್ ಬಿಡಿಸಿದರು. ಓಣಿಗೆ ಜೆಸಿಬಿ ನುಗ್ಗುವುದಿಲ್ಲ. ಹುಡುಗರು ಏಣಿ ಇಟ್ಟು ಹೆಂಚನ್ನು ಒಂದೊಂದಾಗಿ ಕೈಯಿಂದ ಕೈಗೆ ಇಳಿಸಿದರು. ಒಳ್ಳೆಯ ಹೆಂಚನ್ನು ಮನೆಯವರಿಗೆ ಅಂತ ಅಂಗಳದ ಬದಿಗೆ ಜೋಡಿಸಿದರು. ಮರ ಇಳಿದ ಮೇಲೆ ಗೋಡೆಯನ್ನು ತಲೆಯಿಂದ ಕೆಳಕ್ಕೆ ಬಿಡಿಸುತ್ತಾ ಬಂದರು. ಎದುರಿನ ಗೋಡೆಗೆ ಹಾರೆ ತಗುಲಿದ ಕೂಡಲೇ ಒದ್ದೆ ಮಣ್ಣು ಉದುರಿತು. ಹೊರಗಿನ ಗಾರೆಯಲ್ಲಿ ಬಿರುಕೇ ಇರಲಿಲ್ಲ! ನೋಡುತ್ತಾ ನಿಂತವರೆಲ್ಲ ಹಿಂದೆ ಸರಿದೆವು.

ಹಿಂದಿನ ಗೋಡೆಗೆ ಕೈ ಹಾಕುವಾಗ ಎಂಜಿನಿಯರ್ ತಡೆದರು. "ಅದನ್ನು ಮುಟ್ಟಬೇಡಿ. ಬರೆ ಅದಕ್ಕೇ ಒರಗಿದೆ." ಬರೆಯ ಮೇಲೆ ಇನ್ನೊಂದು ಮನೆ, ಅದರಲ್ಲಿ ಒಬ್ಬರು ವಯಸ್ಸಾದ ಅಜ್ಜಿ. ಈ ಗೋಡೆ ಬಿದ್ದರೆ ಅವರ ಅಂಗಳವೇ ಕೆಳಗೆ ಬರುತ್ತಿತ್ತು. ಬೇಗ ಕೆಡವಿ ಅಂತ ಅರ್ಜಿ ಬರೆದ ನಮ್ಮಲ್ಲಿ ಯಾರಿಗೂ ಈ ಯೋಚನೆ ಬಂದಿರಲಿಲ್ಲ. ಸೊಂಟದೆತ್ತರ ಗೋಡೆ ಬಿಟ್ಟು, ಅದರ ಈಚೆ ಬದಿಗೆ ಮರಳುಚೀಲ ಪೇರಿಸಿದರು. ಬರೆಗೆ ಟಾರ್ಪಾಲು ಹೊದಿಸಿ, ಅಜ್ಜಿಯ ಅಂಗಳದ ನೀರನ್ನು ಪೈಪ್ ಹಾಕಿ ಚರಂಡಿಗೆ ತಿರುಗಿಸಿದರು.

ಈಗ ಅಲ್ಲಿ ತಡೆಗೋಡೆ ಆಗಬೇಕು. ಸುಮ್ನೆ ಕಲ್ಲು ಕಟ್ಟಿದರೆ ಸಾಲದು, ಬರೆಯ ನೀರು ಹೊರಗೆ ಬರಲು ನಡುನಡುವೆ ಪೈಪ್ ಇಡಬೇಕು. ಇಲ್ಲದಿದ್ದರೆ ನೀರಿನ ಒತ್ತಡವೇ ಅದನ್ನು ತಳ್ಳುತ್ತದೆ. ಅದಕ್ಕೂ ಅರ್ಜಿ ಕೊಟ್ಟಿದ್ದೇವೆ. ಈ ಸಲ ಮೊದಲ ಸಹಿ ಅಜ್ಜಿಯದು.