ಎರಡು ವೆಲ್ಡಿಂಗ್ ಮಷೀನ್‌ಗಳನ್ನು ಪ್ಯಾರಲಲ್ ಜೋಡಿಸುವ ಮುನ್ನ

ಜಂಬಿಟ್ಟಿಗೆ ನೆಲವನ್ನು ಅಗೆದು ಅಗೆದು ಬಾಯಿ ಸವೆದ ಜೆಸಿಬಿ ಬಕೆಟ್‌ಗಳು ಶಿವಮೊಗ್ಗದ ಮಾಚೇನಹಳ್ಳಿಯಲ್ಲಿರುವ ನಮ್ಮ ವರ್ಕ್‌ಶಾಪಿಗೆ ದುರಸ್ತಿಗೆ ಬರುತ್ತಲೇ ಇರುತ್ತವೆ. ಹೊಸ ಪ್ಲೇಟು ಕೂರಿಸುವ ಮೊದಲು ಬಿರುಕು ಬಿಟ್ಟ ಹಳೆಯ ವೆಲ್ಡನ್ನು ಗೌಜಿಂಗ್ ಮಾಡಿ, ಅಂದರೆ ಕಾರ್ಬನ್ ರಾಡಿನ ಆರ್ಕಿನಲ್ಲಿ ಕರಗಿಸಿ ಗಾಳಿಯಿಂದ ಊದಿ, ಬುಡಸಮೇತ ತೆಗೆಯಬೇಕಾಗುತ್ತದೆ. 10 ಮಿ.ಮೀ. ಕಾರ್ಬನ್ ರಾಡಿಗೆ ಆ ಕೆಲಸದಲ್ಲಿ ಸುಮಾರು 400 ಆಂಪಿಯರ್ ಬೇಕು. ನಮ್ಮಲ್ಲಿರುವುದು 300 ಆಂಪಿಯರಿನ ಎರಡು ಡಿಸಿ ರೆಕ್ಟಿಫೈಯರ್‌ಗಳು, ಅಂದರೆ ಎಸಿ ಕರೆಂಟನ್ನು ಡಿಸಿಯಾಗಿಸಿ ಕೊಡುವ ವೆಲ್ಡಿಂಗ್ ಮಷೀನ್‌ಗಳು. ಇವೆರಡನ್ನೂ ಪ್ಯಾರಲಲ್ ಜೋಡಿಸಿ (ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್ ಕೂಡಿಸಿ) ದುಡಿಸುವುದನ್ನು ನೋಡಿದವರು, ಹಾಗಾದರೆ ಯಾವ ಎರಡು ಮಷೀನ್‌ಗಳನ್ನಾದರೂ ಸೇರಿಸಬಹುದಲ್ಲವೇ ಎಂದು ಕೇಳುತ್ತಾರೆ. ಖಂಡಿತ ಸೇರಿಸಬಾರದು. ಯಾವುದನ್ನು ಸೇರಿಸಬಹುದು, ಯಾವುದು ಜೀವಕ್ಕೆ ಅಪಾಯ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಪ್ಯಾರಲಲ್ ಜೋಡಣೆಯ ದೊಡ್ಡ ಲಾಭವೆಂದರೆ ಮಷೀನಿಗೆ ಸಿಗುವ ನಿರಾಳತೆ. ನೇಮ್ ಪ್ಲೇಟಿನ ಮೇಲೆ 300 ಆಂಪಿಯರ್, ಡ್ಯೂಟಿ ಸೈಕಲ್ ಶೇ. 60 ಎಂದಿದ್ದರೆ, ಹತ್ತು ನಿಮಿಷದಲ್ಲಿ ಆರು ನಿಮಿಷ ಮಾತ್ರ ಆ ಕರೆಂಟಿನಲ್ಲಿ ದುಡಿಸಿ, ಉಳಿದ ನಾಲ್ಕು ನಿಮಿಷ ಬಿಡುವು ಕೊಡಬೇಕೆಂದು ಅರ್ಥ. ಕಾಯಿಲ್ ಬಿಸಿಯಾಗುವುದು ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಆದ್ದರಿಂದ, ಲೆಕ್ಕ ಹಾಕಿದರೆ ಅದೇ ಮಷೀನ್ 232 ಆಂಪಿಯರಿನಲ್ಲಿ ಬಿಡುವಿಲ್ಲದೆ ದುಡಿಯಬಲ್ಲದು. 400 ಆಂಪಿಯರನ್ನು ಎರಡಕ್ಕೂ ಸಮನಾಗಿ ಹಂಚಿದರೆ ಒಂದೊಂದರ ಪಾಲಿಗೆ 200 ಮಾತ್ರ ಬರುತ್ತದೆ.

ಆದರೆ ಹಂಚಿಕೆ ಸಮನಾಗಿದೆಯೆಂದು ನಂಬಿ ಕೂರುವಂತಿಲ್ಲ, ಅಳೆದೇ ನೋಡಬೇಕು. ಎರಡೂ ಪಾಸಿಟಿವ್‌ಗಳನ್ನು ಒಂದೇ ಉದ್ದದ, ಒಂದೇ ದಪ್ಪದ ಕೇಬಲ್‌ಗಳಲ್ಲಿ ತಂದು, ಲಗ್ ಹಾಕಿ, ಬೋಲ್ಟ್ ಬಿಗಿದು ಗೌಜಿಂಗ್ ಟಾರ್ಚಿಗೆ ಕೂಡಿಸುತ್ತೇವೆ. ನೆಗೆಟಿವ್‌ಗಳೆರಡನ್ನೂ ಬಕೆಟ್ಟಿಗೇ ಕ್ಲಾಂಪ್ ಮಾಡುತ್ತೇವೆ. ಒಬ್ಬರು ಆರ್ಕ್ ಹಿಡಿದಿರುವಾಗ ಇನ್ನೊಬ್ಬರು ಎರಡು ಕೇಬಲ್‌ಗಳಿಗೂ ಒಂದಾದ ಮೇಲೊಂದರಂತೆ ಟಾಂಗ್ ಟೆಸ್ಟರ್ (ಕೇಬಲ್ಲನ್ನು ಇಕ್ಕಳದಂತೆ ಸುತ್ತುವರಿದು ಕರೆಂಟ್ ಅಳೆಯುವ ಮೀಟರ್) ಹಾಕಿ ನೋಡುತ್ತಾರೆ. (ಎಸಿಗೆ ಮಾತ್ರ ಇರುವ ಅಗ್ಗದ ಟಾಂಗ್ ಟೆಸ್ಟರ್ ಇಲ್ಲಿ ಉಪಯೋಗಕ್ಕೆ ಬಾರದು, ಡಿಸಿ ಅಳೆಯುವಂಥದ್ದೇ ಬೇಕು.) ಒಂದರಲ್ಲಿ 230, ಇನ್ನೊಂದರಲ್ಲಿ 170 ಕಂಡರೆ ನಾಬ್ ತಿರುಗಿಸಿ ಸರಿದೂಗಿಸುತ್ತೇವೆ. ರಾಡ್ ವೆಲ್ಡಿಂಗಿನ ರೆಕ್ಟಿಫೈಯರ್‌ಗಳಲ್ಲಿ ಲೋಡ್ ಏರಿದಂತೆ ವೋಲ್ಟೇಜ್ ಕಡಿದಾಗಿ ಇಳಿಯುವುದರಿಂದ ಈ ಹೊಂದಾಣಿಕೆ ಸಾಧ್ಯವಾಗುತ್ತದೆ. ರಾಡಿನ ಬದಲು ಸುರುಳಿಯಿಂದ ತಂತಿ ತಾನಾಗಿ ಬರುತ್ತಿರುವ ಮಿಗ್ ಮಷೀನ್‌ಗಳ ಸ್ವಭಾವ ಬೇರೆ: ಅವು ವೋಲ್ಟೇಜನ್ನು ಬಿಗಿಹಿಡಿಯುವುದರಿಂದ ಒಂದೆರಡು ವೋಲ್ಟ್ ವ್ಯತ್ಯಾಸವಾದರೂ ಹೆಚ್ಚಿನ ಹೊರೆಯೆಲ್ಲ ಒಂದರ ಮೇಲೇ ಬೀಳುತ್ತದೆ. ಅವುಗಳನ್ನು ನಾನು ಸೇರಿಸುವುದಿಲ್ಲ.

ನನಗೆ ನಿಜವಾಗಿ ಭಯವಿರುವುದು ಹಳೆಯ ಎಸಿ ಟ್ರಾನ್ಸ್‌ಫಾರ್ಮರ್ ಮಷೀನ್‌ಗಳ ವಿಷಯದಲ್ಲಿ. ಗ್ರಿಲ್ ಮತ್ತು ಗೇಟು ಮಾಡುವ ಶೆಡ್ಡುಗಳಲ್ಲಿ ಇವು ಇಂದಿಗೂ ಸಾಕಷ್ಟಿವೆ. ಲೋಡ್ ಇಲ್ಲದಿರುವಾಗ ಇವುಗಳ ಔಟ್‌ಪುಟ್ ಸುಮಾರು 80 ವೋಲ್ಟ್ ಇರುತ್ತದೆ. ಎರಡು ಮಷೀನ್‌ಗಳ ಒಂದೊಂದು ತುದಿಯನ್ನು ಕೂಡಿಸಿ, ಉಳಿದ ಎರಡು ತುದಿಗಳ ನಡುವೆ ವೋಲ್ಟ್ ಮೀಟರ್ ಹಿಡಿದರೆ ಅದು ಹೆಚ್ಚುಕಡಿಮೆ ಸೊನ್ನೆಯನ್ನೇ ತೋರಿಸಬೇಕು. 160 ತೋರಿಸಿದರೆ ಅವು ಒಂದಕ್ಕೊಂದು ತಿರುವುಮುರುವಾಗಿವೆ. 139ರ ಆಸುಪಾಸು ತೋರಿಸಿದರೆ ಬೇರೆ ಬೇರೆ ಫೇಸ್‌ಗಳ ಮೇಲಿವೆ. ಆ ಸ್ಥಿತಿಯಲ್ಲಿ ಕೂಡಿಸಿದರೆ ರಾಡ್ ಮುಟ್ಟಿಸುವ ಮೊದಲೇ ಎರಡು ಮಷೀನ್‌ಗಳ ನಡುವೆ ಭಾರಿ ಕರೆಂಟ್ ಸುತ್ತತೊಡಗಿ ಕಾಯಿಲ್ ಸುಡುತ್ತದೆ. ಮಳೆಗಾಲದಲ್ಲಿ ನೆಲ, ಕೈಗವಸು, ಚಪ್ಪಲಿ ಎಲ್ಲವೂ ಒದ್ದೆಯಾಗಿರುವ ನಮ್ಮ ಮಲೆನಾಡಿನಲ್ಲಿ 80 ವೋಲ್ಟೇ ಸಣ್ಣದಲ್ಲ, 160 ವೋಲ್ಟ್ ಹೊಡೆದರೆ ಪ್ರಾಣಕ್ಕೇ ಸಂಚಕಾರ.

ಇದಕ್ಕಿಂತಲೂ ಮೋಸದ ಅಪಾಯ ಇನ್ನೊಂದಿದೆ. ಸರಿಯಾಗಿಯೇ ಕೂಡಿಸಿದ ಎರಡು ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಒಂದರ ಪ್ಲಗ್ ಕಿತ್ತರೆ, ಚಾಲೂ ಇರುವ ಮಷೀನಿನ 80 ವೋಲ್ಟ್ ಅದರ ಔಟ್‌ಪುಟ್ ಕಡೆಯಿಂದ ಒಳಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಎರಡೂ ದಿಕ್ಕಿನಲ್ಲಿ ಕೆಲಸ ಮಾಡುವ ವಸ್ತುವಾದ್ದರಿಂದ ಅದು ಅಲ್ಲಿ ಮತ್ತೆ 230 ಅಥವಾ 415 ವೋಲ್ಟಾಗಿ, ಕೈಯಲ್ಲಿ ಹಿಡಿದಿರುವ ಪ್ಲಗ್ಗಿನ ಪಿನ್ನುಗಳಲ್ಲೇ ಕುಳಿತಿರುತ್ತದೆ. ಕಿತ್ತಿಟ್ಟ ಪ್ಲಗ್ಗಿನಿಂದ ಶಾಕ್ ಹೊಡೆಯಬಹುದೆಂದು ಯಾವ ಹುಡುಗ ತಾನೇ ಊಹಿಸಿಯಾನು? ರೆಕ್ಟಿಫೈಯರಿನಲ್ಲಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್‌ಗಳು ಹೀಗೆ ಹಿಮ್ಮುಖವಾಗಿ ಹರಿಯುವುದನ್ನು ತಡೆಯುತ್ತವೆ. ಆದ್ದರಿಂದಲೇ ಎಸಿ ಮಷೀನ್‌ಗಳನ್ನು ಜೋಡಿಸುವ ಕೆಲಸಕ್ಕೆ ನಮ್ಮ ಹುಡುಗರು ಕೈಹಾಕಕೂಡದೆಂದು ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಈಗಿನ ಚಿಕ್ಕ ಇನ್ವರ್ಟರ್ ವೆಲ್ಡಿಂಗ್ ಮಷೀನ್‌ಗಳಲ್ಲೂ ಔಟ್‌ಪುಟ್ಟಿಗೆ ಡಯೋಡ್‌ಗಳಿರುತ್ತವೆ. ಆದರೆ ರಾಡ್ ಅಂಟಿದಾಗ ಕರೆಂಟ್ ತಗ್ಗಿಸುವ, ಆರ್ಕ್ ಇಲ್ಲದಾಗ ವೋಲ್ಟೇಜ್ ಇಳಿಸುವ ಅವುಗಳ ಸರ್ಕ್ಯೂಟ್‌ಗಳು ಪಕ್ಕದ ಮಷೀನಿನ ವೋಲ್ಟೇಜನ್ನು ತನ್ನದೇ ಎಂದು ತಪ್ಪು ತಿಳಿಯಬಹುದು. ಪ್ಯಾರಲಲ್ ಮಾಡಬಹುದೆಂದು ಕಂಪನಿಯ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಜೋಡಿಸಿ.

ತೀರ್ಥಹಳ್ಳಿ, ಹೊಸನಗರದ ಕಡೆಯ ತೋಟದ ಮನೆಗಳಿಂದ ಬರುವವರು, ರಾಡ್ ಅಂಟಿಕೊಳ್ಳುತ್ತದೆ, ಇನ್ನೊಂದು ಮಷೀನ್ ಸೇರಿಸಲೇ ಎಂದು ಕೇಳುವುದುಂಟು. ವೆಲ್ಡಿಂಗ್ ನಡೆಯುತ್ತಿರುವಾಗಲೇ ಮಷೀನಿಗೆ ಬರುವ ವೋಲ್ಟೇಜ್ ಅಳೆಯಿರಿ ಎಂದು ಅವರಿಗೆ ಹೇಳುತ್ತೇನೆ. 230 ಇರಬೇಕಾದದ್ದು 180ಕ್ಕೆ ಕುಸಿದರೆ ಟ್ರಾನ್ಸ್‌ಫಾರ್ಮರಿನ 80 ವೋಲ್ಟ್ 63ರ ಹತ್ತಿರಕ್ಕೆ ಬಂದುಬಿಡುತ್ತದೆ, ಆಗ ಆರ್ಕ್ ಹತ್ತುವುದೇ ಕಷ್ಟ. ಅದೇ ಲೈನಿಗೆ ಎರಡನೆಯ ಮಷೀನ್ ಹಾಕಿದರೆ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಹೊಸ ಮಷೀನಿಗೆ ಕೊಡುವ ಹಣದಲ್ಲಿ ಮೀಟರಿನಿಂದ ಶೆಡ್ಡಿನವರೆಗಿನ ವೈರನ್ನು ದಪ್ಪದ್ದಕ್ಕೆ ಬದಲಾಯಿಸಿ, ಆಗಲೂ ಸಾಲದಿದ್ದರೆ ಕನೆಕ್ಷನ್ನಿಗೆ ಮಂಜೂರಾದ ಲೋಡ್ ಹೆಚ್ಚಿಸಿಕೊಂಡು ಮೂರು ಫೇಸಿನ ಕನೆಕ್ಷನ್ನಿಗೆ ಅರ್ಜಿ ಹಾಕಬೇಕು. ಅದು ಬರುವವರೆಗೆ 60ರಿಂದ 90 ಆಂಪಿಯರಿನಲ್ಲಿ ಉರಿಯುವ 2.5 ಮಿ.ಮೀ. ರಾಡಿನಲ್ಲೇ ಗೇಟಿನ ಕೆಲಸ ಚೆನ್ನಾಗಿ ನಡೆಯುತ್ತದೆ.